ಬಲಗಡೆ ಸೀಟಿನ ಗಂಟೆಗಳು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮನ ಮಗಳು ಹುಬ್ಬಳ್ಳಿಗೆ, ನಮ್ಮ ಮನೆಗೆ ಬಂದಿದ್ದಳು. ಅವಳಿಗೆ 11 ವರ್ಷ. ಊರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ. ಫೋನಿನಲ್ಲಿ ಯಾವುದೋ ಕಾರ್ ರೇಸ್ ನೋಡುತ್ತಾ ಕೂತವಳು ತಲೆ ಎತ್ತಿ, "ಅತ್ತಿ, ಹಿಂಗ ಕಾರ್ ಹೊಡಿಯೋದನ್ನ ಎಲ್ಲಿ ಕಲಸ್ತಾರ?" ಅಂದಳು.

ಹಾಕಿ ಎಲ್ಲಿ ಕಲಿಸುತ್ತಾರೆ ಅಂದಿದ್ದರೆ ಬೆಟಗೇರಿ ಅಂತ ಹೇಳುತ್ತಿದ್ದೆ. ಸೈಕ್ಲಿಂಗ್ ಅಂದಿದ್ದರೆ ಗದಗ, ಬಾಗಲಕೋಟೆ, ವಿಜಯಪುರ ಇವೆ. ಕ್ರಿಕೆಟ್ಟಿಗೆ ಇಲ್ಲೇ ರಾಜನಗರದಲ್ಲಿ ಸ್ಟೇಡಿಯಂ ಇದೆ. ಕಾರ್ ರೇಸಿಗೆ ಏನು ಹೇಳಲಿ? ನಮ್ಮ ಕಡೆಗೆ ಸಮೀಪದ ದೊಡ್ಡ ಟ್ರ್ಯಾಕುಗಳು ಎರಡು. ಒಂದು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಇನ್ನೊಂದು ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಎರಡೂ ಹುಬ್ಬಳ್ಳಿಯಿಂದ 600 ಕಿ.ಮೀ.ಗಿಂತ ಆಚೆ. "ನಮ್ಮೂರಾಗ ಇಲ್ಲೇನು?" ಅಂತ ಅವಳು ಮತ್ತೆ ಕೇಳಿದಳು. ಇಲ್ಲ ಅಂದೆ. ಅವಳು ಸುಮ್ಮನೆ ಮತ್ತೆ ಫೋನ್ ನೋಡತೊಡಗಿದಳು.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈಗ ಹೆಣ್ಣುಮಕ್ಕಳ ರೇಸಿಂಗ್ ಬಗ್ಗೆ ಮಾತು ಜಾಸ್ತಿಯಾಗಿದೆ. ಕಾರ್ ರೇಸಿನ ಅತಿ ಮೇಲಿನ ಮಟ್ಟ ಫಾರ್ಮುಲಾ ಒನ್, ಚಿಕ್ಕದಾಗಿ ಎಫ್1. ಅದರ ಹೆಸರಿನಲ್ಲೇ 2023ರಿಂದ ಎಫ್1 ಅಕಾಡೆಮಿ ಅನ್ನುವ ಹುಡುಗಿಯರದೇ ಸರಣಿ ನಡೆಯುತ್ತಿದೆ. ನಮ್ಮ ದೇಶದ ಇಂಡಿಯನ್ ರೇಸಿಂಗ್ ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಒಬ್ಬ ಮಹಿಳಾ ಡ್ರೈವರ್ ಬೇಕು. ಬಾಗಿಲು ತೆರೆದಿದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಅಣ್ಣಿಗೇರಿಯ ಹುಡುಗಿ ಆ ಬಾಗಿಲಿನ ತನಕ ಹೋಗುವುದು ಹೇಗೆ? ನನ್ನ ಉತ್ತರ ಒಂದೇ. ಈ ಆಟದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಸ್ಟೇರಿಂಗ್ ಹಿಡಿದು ಕಳೆದ ಗಂಟೆಗಳು. ನಮ್ಮ ಮನೆಗಳಲ್ಲಿ ಆ ಗಂಟೆಗಳನ್ನು ಗಂಡುಮಕ್ಕಳಿಗೆ ಕೊಟ್ಟಿದ್ದೇವೆ, ಹೆಣ್ಣುಮಕ್ಕಳಿಗೆ ಕೊಟ್ಟಿಲ್ಲ.

ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ತಮ್ಮ ಟ್ರ್ಯಾಕ್ಟರ್ ಹತ್ತಿದ್ದು 13ನೇ ವಯಸ್ಸಿಗೆ. ಅಪ್ಪ ಅವನನ್ನು ಪಕ್ಕದ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಸ್ಟೇರಿಂಗ್ ಕೊಟ್ಟರು. ಆಮೇಲೆ ತಾವು ಇಳಿದುಬಿಟ್ಟರು. ಅವತ್ತು ನಾನು ಬುತ್ತಿ ಹಿಡಿದುಕೊಂಡು ಬದುವಿನ ಮೇಲೆ ನಿಂತಿದ್ದೆ. ಅವನಿಗಿಂತ ಮೂರು ವರ್ಷ ದೊಡ್ಡವಳು. ನನ್ನನ್ನು ಯಾರೂ ಬೇಡ ಅನ್ನಲಿಲ್ಲ. "ಹತ್ತು" ಅಂತ ಕೂಡ ಯಾರೂ ಅನ್ನಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ. ಚಿಕ್ಕ ಮಕ್ಕಳ ಕೈಗೆ ಟ್ರ್ಯಾಕ್ಟರ್ ಕೊಟ್ಟದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ 18 ತುಂಬುವ ಹೊತ್ತಿಗೆ ಅವನ ಕೈಗೆ ಐದು ಹಂಗಾಮಿನ ಅನುಭವ ಇತ್ತು. ಕ್ಲಚ್ ಎಲ್ಲಿ ಹಿಡಿಯುತ್ತದೆ, ಹಸಿ ಮಣ್ಣಿನಲ್ಲಿ ಹಿಂದಿನ ಗಾಲಿ ಯಾವಾಗ ಜಾರುತ್ತದೆ ಅನ್ನುವುದು ಅವನ ಮೈಗೆ ಗೊತ್ತಿತ್ತು.

ನಾನು ಕಾರು ಕಲಿತದ್ದು 34ನೇ ವಯಸ್ಸಿಗೆ, ಡ್ರೈವಿಂಗ್ ಸ್ಕೂಲಿನಲ್ಲಿ. ದಿನಕ್ಕೆ ಅರ್ಧ ಗಂಟೆ, 20 ದಿನ. ಒಟ್ಟು 10 ಗಂಟೆ. ಅದರಲ್ಲೂ ಎಷ್ಟು ನನ್ನದು ಅಂತ ಹೇಳುವುದು ಕಷ್ಟ. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ ಇರುತ್ತದೆ. ಗುಂಡಿ ಬಂದರೆ ನಾನು ತುಳಿಯುವ ಮೊದಲೇ ನನ್ನ ಪೆಡಲು ತಾನಾಗಿ ಕೆಳಗೆ ಹೋಗುತ್ತಿತ್ತು. ಬೂಟಿನ ಅಡಿಯಲ್ಲಿ ಪೆಡಲು ಜಾರಿ ದೂರ ಹೋಗುವ ಆ ಅನುಭವ ಇನ್ನೂ ನೆನಪಿದೆ. ಗಾಡಿ ನಿಲ್ಲುತ್ತಿತ್ತು, ಆದರೆ ನಿಲ್ಲಿಸಿದವಳು ನಾನಲ್ಲ. ಕೇಂದ್ರ ಸಾರಿಗೆ ಇಲಾಖೆ 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಅಂತ ಹೊಸ ನಿಯಮ ತಂದಿತು. ಅದರ ಪ್ರಕಾರ ಕಾರು ಕಲಿಯಲು 29 ಗಂಟೆಯ ಕೋರ್ಸ್ ಇರಬೇಕು, ಅದರಲ್ಲಿ 21 ಗಂಟೆ ಗಾಡಿ ಹೊಡೆಯುವುದೇ. ನನಗೆ ಸಿಕ್ಕಿದ್ದಕ್ಕಿಂತ ಇದು ಎರಡರಷ್ಟು. ಆದರೂ ನನ್ನ ತಮ್ಮನಿಗೆ ಒಂದು ಮಳೆಗಾಲದಲ್ಲಿ ಸಿಕ್ಕಿದ್ದಕ್ಕಿಂತ ಕಡಿಮೆ.

ಈ ಲೆಕ್ಕವನ್ನು ಇಟ್ಟುಕೊಂಡು ರೇಸಿಂಗ್ ಇತಿಹಾಸ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ.

ಎಫ್1 ಇತಿಹಾಸದಲ್ಲಿ ಪಾಯಿಂಟ್ ಗಳಿಸಿದ ಹೆಂಗಸು ಇಲ್ಲಿಯವರೆಗೂ ಒಬ್ಬರೇ, ಇಟಲಿಯ ಲೆಲ್ಲಾ ಲೊಂಬಾರ್ಡಿ. 1975ರಲ್ಲಿ ಸ್ಪೇನ್ ದೇಶದ ಮೊಂಜುಯಿಕ್‌ನಲ್ಲಿ ನಡೆದ ರೇಸ್ ಅದು. ಒಂದು ಕಾರು ತಡೆಗೋಡೆ ಹಾರಿ ಆಚೆ ನಿಂತಿದ್ದವರು ಸತ್ತರು. ರೇಸನ್ನು ಅರ್ಧಕ್ಕೇ ನಿಲ್ಲಿಸಿದರು, ಪಾಯಿಂಟೂ ಅರ್ಧ ಮಾಡಿದರು. 6ನೇ ಸ್ಥಾನದಲ್ಲಿದ್ದ ಲೊಂಬಾರ್ಡಿಗೆ ಸಿಕ್ಕಿದ್ದು ಅರ್ಧ ಪಾಯಿಂಟ್. ಅದು ಎಲ್ಲರೂ ಹೇಳುವ ಕತೆ. ನನಗೆ ಮುಖ್ಯ ಅನ್ನಿಸುವುದು ಅದರ ಹಿಂದಿನದು. ಅವರು ಮಾಂಸದ ವ್ಯಾಪಾರಿಯ ಮಗಳು. ಅಂಗಡಿಯ ಮಾಲು ತಲುಪಿಸುವ ವ್ಯಾನ್ ಹೊಡೆಯುತ್ತಿದ್ದರು. ಅವರ ಕೈ ಪಳಗಿದ್ದು ಆ ವ್ಯಾನಿನಲ್ಲಿ. ರೇಸ್ ಟ್ರ್ಯಾಕಿಗೆ ಬರುವ ಮೊದಲೇ ಬಲವಂತಕ್ಕೋ ಇಷ್ಟಕ್ಕೋ ದಿನವೂ ಗಾಡಿ ಹೊಡೆದಿದ್ದರು. ಹುಬ್ಬಳ್ಳಿಯ ಎಪಿಎಂಸಿಯಿಂದ ಟಾಟಾ ಏಸ್‌ನಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹೋಗುವ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಇವರ ನೆನಪಾಗುತ್ತದೆ.

ಫ್ರಾನ್ಸಿನ ಮಿಶೆಲ್ ಮೂಟೊನ್ ಕತೆ ಇನ್ನೊಂದು ತರಹ. ಅವರದು ಮುಚ್ಚಿಸಿದ ರಸ್ತೆಯಲ್ಲಿ ಗಡಿಯಾರದ ಜೊತೆ ಓಡುವ ರ‍್ಯಾಲಿ ರೇಸು. ಅವರು ರ‍್ಯಾಲಿಗೆ ಬಂದದ್ದು ಪಕ್ಕದ ಸೀಟಿನಲ್ಲಿ ಕೂತು ದಾರಿ ಓದುವವರಾಗಿ. ತಂದೆಗೆ ಅದು ಸರಿ ಕಾಣಲಿಲ್ಲ. ಬೇರೆಯವರ ಪಕ್ಕ ಕೂರುವ ಬದಲು ನೀನೇ ಹೊಡಿ, ಕಾರು ಕೊಡಿಸುತ್ತೇನೆ, ಒಂದು ವರ್ಷದ ಖರ್ಚು ನನ್ನದು, ಅಷ್ಟರಲ್ಲಿ ನಿನ್ನ ಕೈಲಾಗುತ್ತದೋ ಇಲ್ಲವೋ ತೋರಿಸು ಅಂದರು. ಆ ಒಂದು ವರ್ಷ ಮುಂದೆ ಎಲ್ಲಿಗೆ ಹೋಯಿತು ನೋಡಿ. 1981ರಲ್ಲಿ ಇಟಲಿಯ ಸಾನ್ರೆಮೊ ರ‍್ಯಾಲಿ ಗೆದ್ದರು. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಒಂದು ಸುತ್ತನ್ನು ಗೆದ್ದ ಮೊದಲ ಮಹಿಳೆ ಅವರು. ಪಕ್ಕದ ಸೀಟಿನಲ್ಲಿ ಫ್ಯಾಬ್ರಿಜಿಯಾ ಪೋನ್ಸ್, ಅವರೂ ಮಹಿಳೆಯೇ. ಮರುವರ್ಷ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರನ್ನೂ ಗೆದ್ದರು. ಇಡೀ ಚಾಂಪಿಯನ್‌ಶಿಪ್ಪೇ ಕೈಗೆ ಬರುವ ಹಾಗಿತ್ತು. ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಹೊತ್ತಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಕಾರು ಹತ್ತಿದರು, ಮುಂದೆಯೂ ಇದ್ದರು. ಆಮೇಲೆ ಗೇರ್‌ಬಾಕ್ಸ್ ತೊಂದರೆ ಕೊಟ್ಟಿತು, ಕೊನೆಗೆ ಕಾರು ಪಲ್ಟಿಯಾಯಿತು. ವರ್ಷದ ಕೊನೆಗೆ ಚಾಂಪಿಯನ್ ಆದ ವಾಲ್ಟರ್ ರೋರ್ಲ್‌ಗೆ 109 ಪಾಯಿಂಟ್, ಇವರಿಗೆ 97. ಬರೀ 12 ಪಾಯಿಂಟ್ ಅಂತರ. ಹೆಣ್ಣುಮಕ್ಕಳಿಗೆ ಇದು ಆಗುವುದಿಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಈ 12.

ಅಮೆರಿಕದ ಡ್ಯಾನಿಕಾ ಪ್ಯಾಟ್ರಿಕ್ 10ನೇ ವಯಸ್ಸಿಗೆ ಪುಟ್ಟ ರೇಸ್ ಗಾಡಿಯ ಕಾರ್ಟಿಂಗ್ ಶುರು ಮಾಡಿ, 16ಕ್ಕೆ ಓದು ಬಿಟ್ಟು ಇಂಗ್ಲೆಂಡಿಗೆ ಹೋದರು. 2008ರಲ್ಲಿ ಜಪಾನಿನ ಮೊಟೇಗಿಯಲ್ಲಿ ಇಂಡಿಕಾರ್ ಅನ್ನುವ ಅಮೆರಿಕದ ದೊಡ್ಡ ಸರಣಿಯ ರೇಸ್ ಗೆದ್ದರು. ನಮ್ಮ ದೇಶದ್ದೇ ನೋಡಿದರೆ, ವಡೋದರಾದ ಮೀರಾ ಎರ್ಡಾ ಕಾರ್ಟ್ ಹತ್ತಿದ್ದು 9ನೇ ವಯಸ್ಸಿಗೆ. ಚೆನ್ನೈನ ಅಲಿಶಾ ಅಬ್ದುಲ್ಲಾ ಅವರ ತಂದೆ ಸ್ವತಃ ಬೈಕ್ ರೇಸಿಂಗ್‌ನ ರಾಷ್ಟ್ರೀಯ ಚಾಂಪಿಯನ್. ಎಲ್ಲರ ಕತೆಯಲ್ಲೂ ಮನೆಯ ಯಾರೋ ಒಬ್ಬರು ಬೇಗ ಸ್ಟೇರಿಂಗ್ ಇಲ್ಲವೇ ಹ್ಯಾಂಡಲ್ ಕೈಗೆ ಕೊಟ್ಟಿದ್ದಾರೆ.

ಇದಕ್ಕೆ ಹೊರತಾದವರೂ ಇದ್ದಾರೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ರೇಸಿಂಗ್ ಮನೆತನದವರಲ್ಲ. ಗೆಳೆಯರ ಜೊತೆ ವಾರದ ಕೊನೆಗೆ ಬೈಕ್ ಹೊಡೆಯುತ್ತಾ ಬಂದವರು. 2019ರಲ್ಲಿ ಎಫ್‌ಐಎಂ ಬಾಹಾಸ್ ಅನ್ನುವ ಬೈಕ್ ರ‍್ಯಾಲಿ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಆದರೆ ಇಲ್ಲೂ ಗಂಟೆಗಳ ಲೆಕ್ಕವೇ ಕೆಲಸ ಮಾಡಿದೆ. ಬೈಕಿನ ಗಂಟೆ ಕಾರಿನ ಗಂಟೆಗಿಂತ ಅಗ್ಗ. ಬೆಂಗಳೂರಿನಂಥ ಊರಿನಲ್ಲಿ ಜೊತೆಗಾರರು ಸಿಗುತ್ತಾರೆ, ಕಲಿಸುವವರೂ ಸಿಗುತ್ತಾರೆ. ಧಾರವಾಡದಲ್ಲಿ ಸ್ಕೂಟಿ ಹೊಡೆಯುವ ಹುಡುಗಿಯರಿಗೇನೂ ಬರವಿಲ್ಲ. ಕಾಲೇಜು ಬಿಡುವ ಹೊತ್ತಿಗೆ ಸಪ್ತಾಪುರದಲ್ಲಿ ನಿಂತು ನೋಡಿ. ಆದರೆ ಸ್ಕೂಟಿ ಮಗಳದು, ಕಾರು ಅಪ್ಪನದು ಅಥವಾ ಅಣ್ಣನದು. ಮನೆಮಂದಿಯೆಲ್ಲ ಊರಿಗೆ ಹೊರಟಾಗ ಬಲಗಡೆ ಸೀಟಿನಲ್ಲಿ ಯಾರು ಕೂರುತ್ತಾರೆ ಅನ್ನುವುದನ್ನು ಯಾರೂ ಚರ್ಚೆ ಮಾಡುವುದಿಲ್ಲ, ಅಲ್ವಾ?

ರೇಸ್ ಅಂದರೆ ಏನು ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಯಾಕೆಂದರೆ ನಮ್ಮ ಕಡೆ ಆ ಮಾತು ಕೇಳಿದ ಕೂಡಲೇ ಮನೆಯವರ ಕಣ್ಣ ಮುಂದೆ ಬರುವುದು ಬೈಪಾಸು. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಸತ್ತವರ ನೆನಪು ಇಲ್ಲದ ಓಣಿ ಕಡಿಮೆ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರು ಹೊರಟಿದ್ದ ಮಿನಿ ಬಸ್ಸಿಗೂ ಟಿಪ್ಪರಿಗೂ ಡಿಕ್ಕಿಯಾದದ್ದನ್ನು ಯಾರೂ ಮರೆತಿಲ್ಲ. ಅಂಥ ರಸ್ತೆ ನೋಡಿದ ತಾಯಿ ಮಗಳಿಗೆ ರೇಸ್ ಬೇಡ ಅಂದರೆ ಅದರಲ್ಲಿ ತಪ್ಪಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಒಪ್ಪಿಗೆ ಇಲ್ಲದೆ ರೇಸ್ ಮಾಡುವುದು ಅಪರಾಧ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಕೈಗೆ ಗಾಡಿ ಕೊಟ್ಟರೆ ತಂದೆ-ತಾಯಿಗೆ 25,000 ದಂಡ, 3 ವರ್ಷದವರೆಗೆ ಜೈಲು. 2019ರ ತಿದ್ದುಪಡಿ ಬಂದ ಮೇಲೆ ಇದು ಇನ್ನೂ ಬಿಗಿಯಾಗಿದೆ. ಆಗಬೇಕಾದದ್ದೂ ಹೌದು.

ಲೈಸೆನ್ಸ್ ಪಡೆದು ಆಡುವ ರೇಸ್ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಎದುರಿಗೆ ಟಿಪ್ಪರ್ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ. ಕಾರಿನ ಒಳಗೆ ಉಕ್ಕಿನ ಕೊಳವೆಯ ಪಂಜರ ಕಟ್ಟಿರುತ್ತಾರೆ. ಸೊಂಟ, ಭುಜ, ತೊಡೆ ಎಲ್ಲವನ್ನೂ ಬಿಗಿಯುವ ಬೆಲ್ಟು, ಬೆಂಕಿ ತಡೆಯುವ ಬಟ್ಟೆ, ಕುತ್ತಿಗೆ ಮುಂದಕ್ಕೆ ಎಗರದಂತೆ ಹೆಲ್ಮೆಟ್ಟಿಗೆ ಕಟ್ಟುವ ಹ್ಯಾನ್ಸ್ ಪಟ್ಟಿ. ಸರ್ಕ್ಯೂಟ್ ರೇಸಿನಲ್ಲಿ ಮುಚ್ಚಿದ ಟ್ರ್ಯಾಕಿನಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ. ರ‍್ಯಾಲಿಯಲ್ಲಿ ಸಾಮಾನ್ಯ ರಸ್ತೆಯನ್ನೇ ಆ ಹೊತ್ತಿಗೆ ಮುಚ್ಚಿಸಿ ಒಬ್ಬೊಬ್ಬರಾಗಿ ಬಿಡುತ್ತಾರೆ, ಗಡಿಯಾರದ ಜೊತೆ ಸ್ಪರ್ಧೆ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಇಂಥ ರ‍್ಯಾಲಿ ನಡೆಯುತ್ತದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು.

ರ‍್ಯಾಲಿಯ ಒಂದು ಸಂಗತಿ ನನಗೆ ತುಂಬಾ ಇಷ್ಟ. ಪಕ್ಕದಲ್ಲಿ ಕೂತವರು ಮೊದಲೇ ದಾರಿ ನೋಡಿ ನೋಟ್ ಬರೆದಿರುತ್ತಾರೆ. ಕಾರು ಓಡುವಾಗ ಅದನ್ನು ಒಂದೇ ಉಸಿರಿಗೆ ಓದುತ್ತಾರೆ. ಬಲ ನಾಲ್ಕು, ಎಂಬತ್ತು ಮೀಟರ್, ದಿಬ್ಬ, ಎಡ ಎರಡು, ಒಳಗೆ ಕಲ್ಲಿದೆ. ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ ಅಂಕಿ ಸಣ್ಣದಾದಷ್ಟೂ ತಿರುವು ಕಡಿದು. ಹೊಡೆಯುವವರು ಕಣ್ಣಿಗೆ ಕಾಣದ ತಿರುವಿಗೆ ಕಿವಿ ನಂಬಿ ಸ್ಟೇರಿಂಗ್ ತಿರುಗಿಸುತ್ತಾರೆ. ದಿಬ್ಬದ ಆಚೆ ಏನಿದೆ ಅಂತ ನೋಡಿ ಬ್ರೇಕ್ ಹಿಡಿಯುವಷ್ಟು ಹೊತ್ತು ಇರುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಗಮನ, ನೆನಪು, ಧೈರ್ಯ, ಅಭ್ಯಾಸ. ನಮ್ಮ ಹುಡುಗಿಯರಲ್ಲಿ ಮೊದಲ ಮೂರು ಇವೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಹಾಗಾದರೆ ಮೈಬಲದ ಮಾತು? ಅದನ್ನು ತೇಲಿಸಿ ಬಿಡುವುದು ಸರಿಯಲ್ಲ. ಎಫ್1ಗೆ ಒಂದೇ ಮೆಟ್ಟಿಲು ಕೆಳಗಿನ ಎಫ್2 ಕಾರುಗಳಿಗೆ ಪವರ್ ಸ್ಟೇರಿಂಗ್ ಇಲ್ಲ. ವೇಗದ ತಿರುವಿನಲ್ಲಿ ಆ ಸ್ಟೇರಿಂಗ್ ಹಿಡಿದಿಡಲು ಭುಜದಲ್ಲಿ ಗಟ್ಟಿ ಕಸುವು ಬೇಕು. ಎಫ್1ನಲ್ಲಿ ಬ್ರೇಕ್ ಪೆಡಲನ್ನು ಸುಮಾರು 100 ಕೆ.ಜಿ. ಭಾರ ಹಾಕಿದ ಹಾಗೆ ತುಳಿಯಬೇಕಾಗುತ್ತದೆ. ಸೀಟು, ಪೆಡಲು, ಸ್ಟೇರಿಂಗ್ ದಪ್ಪ ಎಲ್ಲವೂ ಗಂಡಸರ ಅಳತೆಗೇ ಬೆಳೆದು ಬಂದವು. ಅಲ್ಲಿ ಹುಡುಗಿಯರು ಜಾಸ್ತಿ ಕಸರತ್ತು ಮಾಡಬೇಕು, ಕಾರನ್ನೂ ಸ್ವಲ್ಪ ಬದಲಿಸಬೇಕು. ಆದರೆ ರೇಸಿಂಗ್ ಅಂದರೆ ಎಫ್1 ಒಂದೇ ಅಲ್ಲ. ರಸ್ತೆಯಲ್ಲಿ ಓಡುವ ಕಾರನ್ನೇ ತಿದ್ದಿ ಓಡಿಸುವ ಟೂರಿಂಗ್ ಕಾರ್ ಮತ್ತು ಜಿಟಿ ರೇಸು, ರ‍್ಯಾಲಿ, ಮರುಭೂಮಿಯ ರ‍್ಯಾಲಿ ಇವುಗಳಲ್ಲಿ ಆ ಅಡ್ಡಿ ತುಂಬಾ ಕಡಿಮೆ. 2001ರಲ್ಲಿ ಜರ್ಮನಿಯ ಯುಟಾ ಕ್ಲೈನ್‌ಶ್ಮಿಟ್ ಡಾಕರ್ ರ‍್ಯಾಲಿಯನ್ನೇ ಗೆದ್ದರು, ಮಹಿಳಾ ವಿಭಾಗವನ್ನಲ್ಲ, ಎಲ್ಲರನ್ನೂ ಸೋಲಿಸಿ. ಅವರು ಎಂಜಿನಿಯರ್, ಬಿಎಂಡಬ್ಲ್ಯುನಲ್ಲಿ ಕೆಲಸ ಮಾಡಿದವರು. 2023ರಲ್ಲಿ ಬಹರೇನ್‌ನ 8 ಗಂಟೆಯ ರೇಸಿನಲ್ಲಿ ಐರನ್ ಡೇಮ್ಸ್ ತಂಡದ ಮೂವರು ಮಹಿಳೆಯರು, ಸಾರಾ ಬೋವಿ, ರಾಹೆಲ್ ಫ್ರೈ, ಮಿಶೆಲ್ ಗ್ಯಾಟಿಂಗ್, ತಮ್ಮ ವಿಭಾಗದಲ್ಲಿ ಗೆದ್ದರು. ಎಂಟು ಗಂಟೆ ಕಾಲ ಬಿಸಿ ಕಾರಿನಲ್ಲಿ ಸರದಿ ಮೇಲೆ ಕೂತು ಗೆದ್ದದ್ದು ಅದು.

ಒಲಿಂಪಿಕ್ಸ್ ಓಟದ ಹಾಗೆ ಇಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಗೆರೆ ಎಳೆದಿಲ್ಲ. ಎಲ್ಲರಿಗೂ ಒಂದೇ ಗ್ರಿಡ್, ಅಂದರೆ ರೇಸ್ ಶುರುವಾಗುವ ಸಾಲು. ಮೇಲುನೋಟಕ್ಕೆ ಇದು ಸಮಾನತೆ. ಒಳಗೆ ಹೋಗಿ ನೋಡಿದರೆ, ಗ್ರಿಡ್‌ನಲ್ಲಿರುವ ಹುಡುಗ ಎಂಟನೇ ವಯಸ್ಸಿನಿಂದ ಕಾರ್ಟ್ ಹೊಡೆದವನು, ಪಕ್ಕದ ಹುಡುಗಿ ಹದಿನೇಳಕ್ಕೆ ಶುರು ಮಾಡಿದವಳು. ಅವರ ನಡುವಿನ ಆ ಒಂಬತ್ತು ವರ್ಷ ಯಾವ ಫಲಿತಾಂಶದ ಹಾಳೆಯಲ್ಲೂ ಇರುವುದಿಲ್ಲ. ಹಾಳೆಯಲ್ಲಿ ಕಾಣುವುದು ಸೆಕೆಂಡುಗಳು ಮಾತ್ರ. ಆ ಸೆಕೆಂಡು ನೋಡಿ ಜನ "ಹುಡುಗಿಯರಿಗೆ ಆಗಲ್ಲ ಬಿಡಿ" ಅಂತಾರೆ.

ಇದಕ್ಕಾಗಿಯೇ ಹುಡುಗಿಯರಿಗೆ ಪ್ರತ್ಯೇಕ ಸರಣಿ ಬೇಕೋ ಬೇಡವೋ ಅನ್ನುವ ಜಗಳ. ಡಬ್ಲ್ಯು ಸೀರೀಸ್ 2019ರಲ್ಲಿ ಶುರುವಾಯಿತು. ಡ್ರೈವರುಗಳು ದುಡ್ಡು ಕೊಡಬೇಕಾಗಿರಲಿಲ್ಲ, ಕೈಚಳಕ ನೋಡಿ ಆರಿಸುತ್ತಿದ್ದರು. ಬ್ರಿಟನ್ನಿನ ಜೇಮಿ ಚಾಡ್ವಿಕ್ ಮೂರು ಸಲ ಗೆದ್ದರು. ಅವರು ಅದಕ್ಕೂ ಮೊದಲೇ ನಮ್ಮ ಪಕ್ಕದ ಚೆನ್ನೈಗೆ ಬಂದು, ಹುಡುಗರ ಜೊತೆಗೇ ಓಡಿ, 2018–19ರ ಎಂಆರ್‌ಎಫ್ ಚಾಲೆಂಜ್ ಚಾಂಪಿಯನ್ ಆಗಿದ್ದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2022ರಲ್ಲಿ ದುಡ್ಡು ಸಾಲದೆ ಡಬ್ಲ್ಯು ಸೀರೀಸ್ ಅರ್ಧಕ್ಕೇ ನಿಂತಿತು. ಮರುವರ್ಷ ಎಫ್1 ಅಕಾಡೆಮಿ ಬಂತು. ಶುರುವಿನಲ್ಲಿ ಒಂದು ಕಾರಿಗೆ ಎಫ್1 ಕಂಪನಿ 1,50,000 ಯೂರೊ ಹಾಕುತ್ತದೆ, ಡ್ರೈವರ್ ಕೂಡ ಅಷ್ಟೇ ತರಬೇಕು ಅಂತ ಲೆಕ್ಕ ಮಾಡಿದ್ದರು. ಮೊದಲ ವರ್ಷ ಸ್ಪೇನಿನ ಮಾರ್ತಾ ಗಾರ್ಸಿಯಾ ಗೆದ್ದರು, 2024ರಲ್ಲಿ ಬ್ರಿಟನ್ನಿನ ಆಬಿ ಪುಲ್ಲಿಂಗ್.

ಪ್ರತ್ಯೇಕ ಸರಣಿ ಬೇಡ ಅನ್ನುವವರು ಹೇಳುವುದು ಇಷ್ಟು: ಹುಡುಗಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿದರೆ ಅವರು ಅಲ್ಲೇ ಉಳಿದುಬಿಡುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಬೇಕು ಅನ್ನುವವರ ಕಡೆ. ಕಾರಣ ಅದೇ, ಗಂಟೆಗಳು. ಒಳ್ಳೆ ಕಾರಿನಲ್ಲಿ, ಒಳ್ಳೆ ಟ್ರ್ಯಾಕಿನಲ್ಲಿ, ಬೇರೆಯವರ ದುಡ್ಡಿನಲ್ಲಿ ಸಿಗುವ ಪ್ರತಿ ಗಂಟೆಯೂ ಒಂದು ಹುಡುಗಿಗೆ ಬಾಕಿ ಇದ್ದ ಗಂಟೆ. ನನ್ನ ತಕರಾರು ಬೇರೆ ಕಡೆ ಇದೆ. ಈ ಸರಣಿಗಳೆಲ್ಲ 16 ದಾಟಿದವರಿಗೆ. ಅಷ್ಟು ಹೊತ್ತಿಗೆ ಜರಡಿ ಹಿಡಿದು ಆಗಿರುತ್ತದೆ. ಸಹಾಯ ಬೇಕಾದದ್ದು 9, 10, 11ನೇ ವಯಸ್ಸಿನಲ್ಲಿ.

ಆ ವಯಸ್ಸಿನ ಮಗುವಿಗೆ ಇರುವ ಕಾನೂನುಬದ್ಧ ದಾರಿ ಕಾರ್ಟಿಂಗ್. ಬಾಗಿಲಿಲ್ಲದ, ಸ್ಪ್ರಿಂಗ್ ಇಲ್ಲದ ಪುಟ್ಟ ಗಾಡಿ. ನೆಲಕ್ಕೆ ಅಂಟಿಕೊಂಡಂತೆ ಕೂರಬೇಕು. ಬಾಡಿಗೆ ಕಾರ್ಟುಗಳು ನಿಧಾನ. ಸ್ಪರ್ಧೆಯಲ್ಲಿ ಬಳಸುವ, ರೋಟಾಕ್ಸ್ ಕಂಪನಿಯ 125 ಸಿಸಿ ಎಂಜಿನ್ನಿನ ಕಾರ್ಟು 100 ಕಿ.ಮೀ. ವೇಗ ದಾಟುತ್ತದೆ. ಅಲ್ಲಿಂದ ಮುಂದೆ ಭಾರತದಲ್ಲಿ ಮಾರುತಿಯ 1300 ಸಿಸಿ ಎಂಜಿನ್ ಕೂರಿಸಿದ ಎಲ್‌ಜಿಬಿ ಫಾರ್ಮುಲಾ ಕಾರುಗಳಿವೆ, ಟೂರಿಂಗ್ ಕಾರುಗಳಿವೆ, ಎಫ್2ಗಿಂತಲೂ ಕೆಳಗಿನ ಎಫ್4 ಇದೆ. ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ ಅನ್ನುವ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ. ಏಣಿ ಇದೆ. ಅದರ ಮೊದಲ ಮೆಟ್ಟಿಲು ಹೆಚ್ಚಾಗಿ ಬೆಂಗಳೂರು, ಚೆನ್ನೈ, ಕೊಯಮತ್ತೂರಿನಲ್ಲಿದೆ. ವಾರಕ್ಕೆ ಒಂದು ಸಲ ಅಭ್ಯಾಸ ಅಂದರೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರಲು 800 ಕಿ.ಮೀ. ಮೇಲೆ ಟಯರು, ಎಂಜಿನ್ ರಿಪೇರಿ, ಎಂಟ್ರಿ ಫೀಸು. ಕಾರ್ಟಿನಲ್ಲಿ ಕೂರುವ ಅರ್ಧ ಗಂಟೆಗೆ ರೈಲಿನಲ್ಲಿ ಎರಡು ರಾತ್ರಿ.

ಟ್ರ್ಯಾಕ್ ಹತ್ತಿರ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮಗೆ ದೂರದ ಉದಾಹರಣೆ ಬೇಕಿಲ್ಲ. ಕೊಲ್ಹಾಪುರ ನೋಡಿ. ಮಹಾಲಕ್ಷ್ಮಿ ದರ್ಶನಕ್ಕೆ ಅಂತ ನಮ್ಮವರು ಬೆಳಿಗ್ಗೆ ಹೋಗಿ ರಾತ್ರಿ ಬರುವ ಊರು. ಕಬ್ಬು, ಕುಸ್ತಿ, ಚಪ್ಪಲಿಗೆ ಹೆಸರಾದದ್ದು. ಅಲ್ಲಿ ಒಂದು ಕಾರ್ಟಿಂಗ್ ಟ್ರ್ಯಾಕ್ ಆಯಿತು, ರಾಷ್ಟ್ರೀಯ ಮಟ್ಟದ ಸುತ್ತುಗಳೂ ಅಲ್ಲಿ ನಡೆದವು. ಆ ಊರಿನಿಂದ ರೇಸರ್ ಧ್ರುವ ಮೋಹಿತೆ ಬಂದರು, ಕೃಷ್ಣರಾಜ ಮಹಾಡಿಕ್ ಬ್ರಿಟಿಷ್ ಎಫ್3 ತನಕ ಹೋದರು. ಕೊಲ್ಹಾಪುರದ ನೀರಿನಲ್ಲಿ ವಿಶೇಷ ಏನೂ ಇಲ್ಲ. ಅಲ್ಲಿ ಡಾಂಬರು ಹಾಕಿದ ಒಂದು ಸುತ್ತುದಾರಿ ಇತ್ತು, ಶಾಲೆ ಬಿಟ್ಟ ಮೇಲೆ ಹೋಗಿ ಬರಬಹುದಿತ್ತು.

ನಮ್ಮಲ್ಲಿ ಏನಿದೆ ಅಂತ ಯೋಚಿಸಿದರೆ ಬಹಳ ಇದೆ. ಧಾರವಾಡದಲ್ಲಿ ಟಾಟಾ ಮೋಟಾರ್ಸ್ ಕಾರ್ಖಾನೆ ಇದೆ, ಬಸ್ ಕಟ್ಟುತ್ತಾರೆ. ಗೋಕುಲ ರಸ್ತೆ, ತಾರಿಹಾಳದಲ್ಲಿ ಲೇತ್ ಹಿಡಿಯುವ ಕೈಗಳಿಗೆ ಕೊರತೆ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳಿವೆ. ಎಸ್‌ಎಇ ಇಂಡಿಯಾ ಅನ್ನುವ ವಾಹನ ಎಂಜಿನಿಯರುಗಳ ಸಂಘ 2007ರಿಂದ ಬಾಹಾ ಅನ್ನುವ ಸ್ಪರ್ಧೆ ನಡೆಸುತ್ತದೆ. ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿಯನ್ನು ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಬೇಕು. ಇಂಥ ತಂಡಗಳಲ್ಲಿ ಹುಡುಗಿಯರು ವಿನ್ಯಾಸ ಮಾಡುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ, ವರದಿ ಬರೆಯುತ್ತಾರೆ. ಗಾಡಿಯೊಳಗೆ ಯಾರನ್ನು ಕೂರಿಸುತ್ತೀರಿ ಅಂತ ನಮ್ಮ ಕಾಲೇಜುಗಳು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ.

ಮತ್ತೆ ನಮ್ಮ ಎರೆ ಮಣ್ಣು. ಫಿನ್ಲೆಂಡಿನವರು ರ‍್ಯಾಲಿಯಲ್ಲಿ ಅಷ್ಟು ಮುಂದೆ ಇರುವುದಕ್ಕೆ ಕಾರಣ ಕೇಳಿದರೆ ಅವರ ಜಲ್ಲಿಕಲ್ಲಿನ ಕಾಡುದಾರಿ, ಹೆಪ್ಪುಗಟ್ಟಿದ ಕೆರೆ ಅನ್ನುತ್ತಾರೆ. ಜಾರುವ ನೆಲದಲ್ಲಿ ಕಲಿತವರಿಗೆ ಗಾಡಿ ಕೈತಪ್ಪುವ ಮೊದಲ ಕ್ಷಣ ಗೊತ್ತಾಗುತ್ತದೆ. ನವಲಗುಂದ, ಅಣ್ಣಿಗೇರಿ, ನರಗುಂದದ ಎರೆ ಹೊಲಗಳು ಜೂನ್ ಮಳೆಗೆ ಹೇಗಿರುತ್ತವೆ ಅಂತ ನಮಗೆ ಗೊತ್ತಿದೆ. ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ಒಂದು ಕಡೆ ಮುಖ ಮಾಡಿ ಇನ್ನೊಂದು ಕಡೆ ಹೋಗುತ್ತದೆ. ಬ್ರೇಕ್ ಒತ್ತಿದರೆ ಇನ್ನಷ್ಟು ಜಾರುತ್ತದೆ. ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಬೇಕು. ನನ್ನ ತಮ್ಮನಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲ, ಹೊಲ ಕಲಿಸಿತು. ಅದೇ ಹೊಲದಲ್ಲಿ ನಾನು ಕಳೆ ತೆಗೆಯುತ್ತಿದ್ದೆ.

ಸರ್ಕ್ಯೂಟ್ ಕಟ್ಟಲು ಕೋಟಿಗಟ್ಟಲೆ ಬೇಕು, ಅದು ನಾಳೆಗೆ ಆಗುವ ಮಾತಲ್ಲ. ಆದರೆ ಆಟೋಕ್ರಾಸ್ ಅಂತ ಒಂದಿದೆ. ದೊಡ್ಡ ಬಯಲು, ದಾರಿ ತೋರಿಸಲು ಕೋನ್‌ಗಳು, ಟೈಮ್ ನೋಡುವ ಯಂತ್ರ, ಆಂಬುಲೆನ್ಸು, ಅಗ್ನಿಶಾಮಕದವರು. ಒಂದು ಸಲಕ್ಕೆ ಒಂದೇ ಕಾರು. ವೇಗ ಕಡಿಮೆ, ತಿರುವು ಜಾಸ್ತಿ. ಮನೆಯ ಹಳೆ ಕಾರಿನಲ್ಲೇ ಆಡಬಹುದು. ಲೈಸೆನ್ಸ್ ಇರುವ 18 ದಾಟಿದ ಹುಡುಗಿಯರಿಗೆ ಇದಕ್ಕಿಂತ ಅಗ್ಗದ ಶಾಲೆ ಇಲ್ಲ. ಇಂಥ ಸ್ಪರ್ಧೆಗಳಲ್ಲಿ ಲೇಡೀಸ್ ಕ್ಲಾಸ್ ಅಂತ ಇಡುವ ರೂಢಿಯೂ ಇದೆ. ಒಂದು ಎಚ್ಚರ ಮಾತ್ರ ಬೇಕು. ಮೂವರು ಬಂದರೆ ಮೂವರಿಗೂ ಕಪ್ ಕೊಟ್ಟು ಫೋಟೊ ತೆಗೆದು ಕಳಿಸಿಬಿಟ್ಟರೆ ಏನೂ ಆಗುವುದಿಲ್ಲ. ಕಪ್ಪಿಗಿಂತ ಇನ್ನೂ ಹತ್ತು ಸುತ್ತು ಹೊಡೆಯಲು ಬಿಡುವುದು ದೊಡ್ಡ ಬಹುಮಾನ.

ಸೈಕ್ಲಿಂಗ್ ವಿಷಯದಲ್ಲಿ ನಮ್ಮ ಭಾಗ ಇದನ್ನು ಮಾಡಿ ತೋರಿಸಿದೆ. ರೈತರ ಮನೆಯ ಹುಡುಗಿಯರಿಗೆ ಹಾಸ್ಟೆಲ್, ಸೈಕಲ್ಲು, ಊಟ, ಕೋಚ್ ಕೊಟ್ಟರು, ಬೆಳಿಗ್ಗೆ ಖಾಲಿ ರಸ್ತೆ ಸಿಕ್ಕಿತು. ಅವರು ರಾಷ್ಟ್ರಮಟ್ಟಕ್ಕೆ ಹೋದರು. ಆಗ ಯಾರೂ ಉತ್ತರ ಕರ್ನಾಟಕದ ಹುಡುಗಿಯರಿಗೆ ಇದೆಲ್ಲ ಯಾಕೆ ಅನ್ನಲಿಲ್ಲ. ಅನ್ನುವ ಮೊದಲೇ ಅವರು ಗೆದ್ದುಬಿಟ್ಟಿದ್ದರು.

ಲೇಖನ ಬರೆಯಬೇಕು ಅಂತ ಓದುತ್ತಾ ಹೋದ ಹಾಗೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ದಸರಾ ರಜೆಯಲ್ಲಿ ತಮ್ಮನನ್ನೂ ಅವನ ಮಗಳನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದೆ. ಒಂದು ಬಾಡಿಗೆ ಕಾರ್ಟಿಂಗ್ ಜಾಗ. ಅವಳಿಗೆ ಮಕ್ಕಳ ಕಾರ್ಟ್ ಕೊಟ್ಟರು. ಹೆಲ್ಮೆಟ್ ದೊಡ್ಡದಾಗಿ ಜೋಲಾಡುತ್ತಿತ್ತು, ಇನ್ನೊಂದು ತಂದು ಹಾಕಿದರು. ಎರಡು ಜಡೆಯನ್ನು ಅಂಗಿಯ ಒಳಗೆ ಸಿಕ್ಕಿಸಿದೆ. ಮೊದಲ ಸುತ್ತಿನಲ್ಲಿ ಎಲ್ಲ ತಿರುವಿಗೂ ಬ್ರೇಕ್ ಹಿಡಿದಳು, ಒಂದು ಕಡೆ ನಿಂತೇ ಹೋದಳು. ಮೂರನೇ ಸುತ್ತಿಗೆ ಒಂದು ತಿರುವಿನಲ್ಲಿ ಬ್ರೇಕ್ ಬಿಟ್ಟಳು. ಆರನೆಯದರಲ್ಲಿ ಹಿಂದಿನ ಗಾಲಿ ಜಾರಿತು. ಬೇಲಿ ಹಿಡಿದು ನಿಂತಿದ್ದ ತಮ್ಮ ತನಗೆ ಗೊತ್ತಿಲ್ಲದೆಯೇ ಎರಡೂ ಕೈ ಎಡಕ್ಕೆ ತಿರುಗಿಸಿದ. ಅವಳೂ ತಿರುಗಿಸಿದಳು. ಗಾಡಿ ನೆಟ್ಟಗಾಯಿತು.

ಕೊನೆಗೆ ಒಂದು ಚೀಟಿ ಕೊಟ್ಟರು, ಪ್ರತಿ ಸುತ್ತಿನ ಟೈಮ್ ಬರೆದದ್ದು. ಮೊದಲನೆಯದು 1 ನಿಮಿಷ 14 ಸೆಕೆಂಡ್. ಹತ್ತನೆಯದು 58 ಸೆಕೆಂಡ್. ಹತ್ತು ಸುತ್ತಿಗೆ 16 ಸೆಕೆಂಡ್ ಕಡಿಮೆ ಮಾಡಿದ್ದಳು, ಒಟ್ಟು ಹನ್ನೊಂದು ನಿಮಿಷವೂ ಆಗಿರಲಿಲ್ಲ. ತಮ್ಮ ಆ ಚೀಟಿಯನ್ನು ಎರಡು ಸಲ ಓದಿದ. ರೈಲಿನಲ್ಲಿ ಬರುವಾಗ ಅವಳು ನಿದ್ದೆ ಹೋದ ಮೇಲೆ ಮೆಲ್ಲಗೆ ಕೇಳಿದ, "ಅಕ್ಕಾ, ತಿಂಗಳಿಗೆ ಒಮ್ಮೆ ಅಂದ್ರ ಎಷ್ಟ ಖರ್ಚ ಬರ್ತದ?"

ಫೋನಿನಲ್ಲಿ ಲೆಕ್ಕ ಮಾಡಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದ. "ಸಂಕ್ರಮಣ ಆಗ್ಲಿ. ಮೆಣಸಿನಕಾಯಿ ಬ್ಯಾಡಗಿಗೆ ಹೋದ ಮ್ಯಾಲ ಮತ್ತ ಕರಕೊಂಡ ಹೋಗೂಣು" ಅಂದ.